ಬೀರೂರಿನ ಕವಲು

ಭೈರೇಶ್ ಅವರ ಎಡಗಾಲು ಕೊಂಚ ಎಳೆಯುತ್ತಿದೆ ಎನ್ನುವುದನ್ನು ಮೊದಲು ಗಮನಿಸಿದವನು ಯಶೋದಾಳ ಗಂಡ ರಾಜಶೇಖರ್. ಹಿರೇನಲ್ಲೂರಿನ ಆಚೆ, ರಾಗಿ ಹೊಲಗಳ ಮಧ್ಯೆ ಓಂಕಾರೇಶ್ ಎಂಬ ಉದ್ಯಮಿ ಮಾಡಿಸಿದ್ದ ಸಣ್ಣ ರನ್‌ವೇ ತನಕ ಹೆಂಡತಿಯನ್ನು ಬಿಡಲು ಅವನು ಅವತ್ತು ಕಡೂರಿನಿಂದ ಕಾರಿನಲ್ಲಿ ಬಂದಿದ್ದ. ವಿಮಾನದ ಸುತ್ತ ನಡೆಯುತ್ತಿದ್ದ ಆ ಎತ್ತರದ ಮನುಷ್ಯನನ್ನೇ ನೋಡುತ್ತಾ ಕೇಳಿದ:

"ನಿಮ್ ಮೇಷ್ಟ್ರು ಕಾಲು ಎಳೀತಾರಲ್ಲೇ?"

"ಮಂಡಿನೋವು ಕಣ್ರೀ. ಏರ್‌ಫೋರ್ಸಲ್ಲಿ ಇದ್ದವ್ರು, ಹೇಳ್ಕೊಳಲ್ಲ."

ಮಂಡಿನೋವು ಎಂದು ಯಶೋದಾಳಿಗೆ ಯಾರೂ ಹೇಳಿರಲಿಲ್ಲ. ಆ ಮಾತು ಅವಳ ಬಾಯಿಗೆ ತಾನಾಗಿ ಬಂದಿತ್ತು. ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಒಂದು ಗಳಿಗೆ ಕಸಿವಿಸಿಯಾಯಿತು. ರಾಜಶೇಖರ್ ಮತ್ತೇನೂ ಕೇಳದೆ ಕಾರು ತಿರುಗಿಸಿದ.

ಯಶೋದಾ ಅಜ್ಜಂಪುರದವಳು. ಅಪ್ಪ ಜಯದೇವಪ್ಪ ಈರುಳ್ಳಿ ವ್ಯಾಪಾರ ಮಾಡುತ್ತಿದ್ದರು. ಮಗಳು ವಿಮಾನ ಹಾರಿಸುವುದನ್ನು ಕಲಿಯಬೇಕೆಂದಾಗ ಇಡೀ ಪೇಟೆ ನಕ್ಕಿತ್ತು. ಅವರು ಮಾತ್ರ ನಗದೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಸೇರಿಸಿ ಬಂದಿದ್ದರು. ಅವಳು ಕಲಿತಳು, ಲೈಸೆನ್ಸ್ ಪಡೆದಳು, ಒಬ್ಬಳೇ ಮೈಸೂರಿನ ತನಕ ಹಾರಿ ಬಂದಳು. ಆಮೇಲೆ ಮದುವೆಯಾಯಿತು. ಬಸುರಿಯಾದಾಗ ಹೆರಿಗೆ ಆಗಲಿ ಅಂದರು, ಮಗು ನಡೆಯುವಾಗ ಸ್ಕೂಲಿಗೆ ಸೇರಲಿ ಅಂದರು, ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಲೈಸೆನ್ಸಿನ ಅವಧಿ ಮುಗಿದದ್ದು ಕೂಡ ಅವಳಿಗೆ ಎಷ್ಟೋ ತಿಂಗಳ ಮೇಲೆ ನೆನಪಾಯಿತು. ಹೀಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವಳು ಕಡೂರಿನ ಬಿತ್ತನೆ ಬೀಜದ ಅಂಗಡಿಯಲ್ಲಿ ಗಂಡನ ಜೊತೆ ಕೂತಳು. ಮೇಲೆ ಎಲ್ಲಾದರೂ ಎಂಜಿನ್ನಿನ ಸದ್ದು ಕೇಳಿದರೆ ಗಿರಾಕಿಯ ಎದುರೇ ಅವಳ ಮಾತು ನಿಂತುಬಿಡುತ್ತಿತ್ತು.

ಓಂಕಾರೇಶ್ ಎರಡು ಸೀಟಿನ ವಿಮಾನ ತರಿಸಿದ್ದಾನೆ, ತರೀಕೆರೆಯಲ್ಲಿ ನೆಲೆಸಿರುವ ಭೈರೇಶ್ ಎಂಬ ನಿವೃತ್ತ ಪೈಲಟ್ ಕಲಿಸುತ್ತಾರೆ ಎಂಬ ಸುದ್ದಿ ಕೇಳಿದ ವಾರದಲ್ಲೇ ಅವಳು ಅಲ್ಲಿದ್ದಳು.

ಮೊದಲ ದಿನ ಅವಳ ಕೈಗೆ ಏನೂ ನೆನಪಿರಲಿಲ್ಲ. ಬಾಯಿಗೆ ಎಲ್ಲ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ನೆಲ ಹತ್ತಿರವಾದಂತೆ ಅವಳ ಬೆರಳುಗಳು ವಿಮಾನ ತಿರುಗಿಸುವ ಸ್ಟಿಕ್ಕನ್ನು ಹಿಸುಕಿಬಿಡುತ್ತಿದ್ದವು. ಬಲಗಡೆಯ ಸೀಟಿನಿಂದ ಭೈರೇಶ್ ಅವರ ದನಿ ಬರುತ್ತಿತ್ತು: "ಯಶೋದಮ್ಮ, ಅದ್ರ ಕುತ್ತಿಗೆ ಹಿಸುಕ್ಬೇಡಿ. ಮೂಗು ತಗ್ಗಿಸಿ. ಹಾಂ, ಹಂಗೆ." ಬರಬರುತ್ತಾ ಅವಳು ಕಣ್ಣಿಗಿಂತ ಆ ದನಿಯನ್ನೇ ಹೆಚ್ಚು ನಂಬತೊಡಗಿದಳು. ತನಗೆ ಸರಿ ಕಂಡದ್ದನ್ನೂ ಅವರು "ಹಾಂ" ಅನ್ನುವವರೆಗೆ ಸರಿ ಎಂದುಕೊಳ್ಳುತ್ತಿರಲಿಲ್ಲ.

ಆದ್ದರಿಂದಲೇ ಇರಬೇಕು, ಬೇರೆಯದನ್ನೆಲ್ಲ ಅವಳು ಕಂಡೂ ಕಾಣದಂತೆ ಇದ್ದಳು. ಒಂದು ದಿನ ಭೈರೇಶ್ ಅವರ ಎಡಗೈಯಿಂದ ಟೀ ಲೋಟ ಜಾರಿ ಬಿತ್ತು. ಅವರು ಬಿದ್ದ ಲೋಟವನ್ನಲ್ಲ, ತಮ್ಮ ಕೈಯನ್ನು ನೋಡುತ್ತಾ ನಿಂತರು. ಇನ್ನೊಂದು ದಿನ ಇಳಿಯುವಾಗ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಮತ್ತೊಮ್ಮೆ ಅವಳನ್ನು "ವಿದ್ಯಾಶ್ರೀ" ಎಂದು ಕರೆದರು. ವಿದ್ಯಾಶ್ರೀ ಆಗಷ್ಟೇ ಕಲಿಯಲು ಸೇರಿದ್ದ ದೇವನೂರಿನ ಕಾಲೇಜು ಹುಡುಗಿ. ವಯಸ್ಸು, ಸೆಕೆ, ನಿದ್ದೆಗೇಡು ಎಂದು ಯಶೋದಾ ಪ್ರತಿಸಲ ಒಂದೊಂದು ಕಾರಣ ಹುಡುಕಿಕೊಂಡಳು. ಇವರು ಬಿಟ್ಟರೆ ಇನ್ನೊಬ್ಬರು ಇಲ್ಲಿಗೆ ಬರುವುದು ಯಾವ ಕಾಲಕ್ಕೋ. ಅವಳಿಗೆ ಕಾಯಲು ಇನ್ನು ಇಪ್ಪತ್ತು ವರ್ಷ ಇರಲಿಲ್ಲ.

ಅವಳನ್ನು ಒಬ್ಬಳೇ ಹಾರಲು ಬಿಡುವ ಮುಂಚಿನ ಕೊನೆಯ ಪರೀಕ್ಷೆ ಶ್ರಾವಣದ ಒಂದು ಬೆಳಿಗ್ಗೆ ಇತ್ತು. ಮಳೆ ಎರಡು ದಿನದಿಂದ ಬಿಡುವು ಕೊಟ್ಟಿತ್ತು. ಪೂರ್ವದಲ್ಲಿ ಬಿಸಿಲು ಬಿದ್ದಿತ್ತು. ಪಶ್ಚಿಮಕ್ಕೆ ನೋಡಿದರೆ ಗುಡ್ಡಗಳ ಸಾಲೇ ಇರಲಿಲ್ಲ, ಅವು ಇರಬೇಕಾದ ಜಾಗದಲ್ಲಿ ಬೂದಿ ಬಣ್ಣದ ಮೋಡದ ಗೋಡೆ ಎದ್ದಿತ್ತು.

"ಆ ಕಡೆ ಹೋಗ್ಬೇಡಿ ಮೇಡಂ," ಎಂದ ರೇಡಿಯೋ ನೋಡಿಕೊಳ್ಳುವ ಸಿದ್ದೇಶ್. "ಬೆಳಿಗ್ಗೆಯಿಂದ ಅದು ಇತ್ಲಾಗೇ ಬತ್ತಾ ಐತೆ."

"ನಾವ್ಯಾಕೆ ಆ ಕಡೆ ಹೋಗ್ತೀವಪ್ಪಾ?" ಎಂದು ಭೈರೇಶ್ ನಕ್ಕರು. ನಗುವಾಗ ಬಾಯಿಯ ಒಂದು ಬದಿ ಮಾತ್ರ ಮೇಲಕ್ಕೆದ್ದಿತು. ಯಶೋದಾ ಬಗ್ಗಿ ಬೆಲ್ಟ್ ಕಟ್ಟಿಕೊಳ್ಳತೊಡಗಿದಳು.

ದಾರಿ ಸುಲಭದ್ದು. ಕಡೂರಿನ ಮೇಲೆ ಹಾದು ರೈಲು ಹಳಿ ಹಿಡಿದು ಬೀರೂರಿಗೆ, ಅಲ್ಲಿಂದ ಅಜ್ಜಂಪುರಕ್ಕೆ, ಆಮೇಲೆ ವಾಪಸ್ಸು. ಬೀರೂರಿನಲ್ಲಿ ಹಳಿ ಎರಡಾಗುತ್ತದೆ. ಎಡಗಡೆಯದು ತರೀಕೆರೆಯ ಕಡೆ, ಗುಡ್ಡಗಳ ಮಗ್ಗುಲಿಗೆ ಹೋಗುತ್ತದೆ. ಬಲಗಡೆಯದು ಬಯಲಿನಲ್ಲಿ ನೇರ ಅಜ್ಜಂಪುರಕ್ಕೆ. ಮೇಲೇರಿದ ಕೂಡಲೇ ಭೈರೇಶ್ ದಾರಿ ತೋರಿಸುವ ಪರದೆಯನ್ನು ಆರಿಸಿದರು. "ಕಣ್ಣಲ್ಲಿ ನೋಡ್ಕೊಂಡು ಹೋಗಿ. ಮೆಷಿನ್ ಇಲ್ದಿದ್ರೂ ಮನೆ ಸೇರ್ತೀರಾ ಅಂತ ನೋಡ್ಬೇಕು ನಾನು." ಇದು ಎಲ್ಲ ಮೇಷ್ಟ್ರುಗಳೂ ಮಾಡುವ ಪರೀಕ್ಷೆ. ಅವಳಿಗೆ ಖುಷಿಯೇ ಆಯಿತು.

ಬೀರೂರಿನ ಗೂಡ್ಸ್ ಗಾಡಿಗಳು ಕಾಲಡಿಗೆ ಬಂದಾಗ ಅವಳು ಬಲಕ್ಕೆ ತಿರುಗಿಸಿದಳು.

"ಎಡಕ್ಕೆ," ಎಂದರು ಭೈರೇಶ್.

"ಸರ್, ಅಜ್ಜಂಪುರ ಬಲಕ್ಕಲ್ವಾ?"

"ಎಡಕ್ಕೆ ಅಂದೆ."

ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳು ಎಡಕ್ಕೆ ತಿರುಗಿಸಿದಳು. ದಿಕ್ಸೂಚಿ ಪಶ್ಚಿಮದತ್ತ ವಾಲಿತು. ಏನೋ ಪರೀಕ್ಷೆ ಇರಬೇಕು, ಈಗ ವಾಪಸ್ ತಿರುಗಿಸು ಎನ್ನುತ್ತಾರೆ ಎಂದು ಕಾದಳು. ಅವರು ಅನ್ನಲಿಲ್ಲ. ಕೆಳಗೆ ಕಪ್ಪು ಹೊಲಗಳು ಮುಗಿದು ತೆಂಗು, ಅಡಿಕೆ ದಟ್ಟವಾಗತೊಡಗಿದವು. ಅಜ್ಜಂಪುರದ ದಾರಿಯಲ್ಲಿ ಈರುಳ್ಳಿ ಹೊಲಗಳಿರಬೇಕು, ದನ ಮೇಯುವ ಕಾವಲಿನ ಹುಲ್ಲು ಬಯಲು ಕಾಣಬೇಕು. ತಾನು ಹುಟ್ಟಿದ ನೆಲ ತನಗೆ ಗೊತ್ತಿಲ್ಲವೇ? ಆದರೆ ಇಷ್ಟು ವರ್ಷ ಬಿಟ್ಟವಳು ತಾನು, ಜೀವಮಾನವೆಲ್ಲ ಹಾರಿದವರು ಅವರು. ಮರೆತವರು ಯಾರಿರಬಹುದು?

"ಸರ್, ಇದು ತರೀಕೆರೆ ಲೈನು ಅನ್ಸುತ್ತೆ. ದಿಕ್ಸೂಚಿನೂ ಹಂಗೇ ತೋರಿಸ್ತಿದೆ."

"ಅದು ಸುಳ್ಳು ಹೇಳ್ತಿದೆ. ಹಳಿ ಬಿಡ್ಬೇಡ ನೀನು."

ನೀನು. ಇಷ್ಟು ತಿಂಗಳಲ್ಲಿ ಅವರು ಒಮ್ಮೆಯೂ ಅವಳನ್ನು ಏಕವಚನದಲ್ಲಿ ಕರೆದವರಲ್ಲ. ಅವಳು ತಿರುಗಿ ನೋಡಿದಳು. ಅವರ ಎಡಗೈ ಮಡಿಲಲ್ಲಿ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ತುಟಿಯ ಎಡ ತುದಿಯಿಂದ ಜೊಲ್ಲು ಇಳಿದು ಅಂಗಿಯ ಕಾಲರ್ ಒದ್ದೆಯಾಗಿತ್ತು. ಕಣ್ಣು ಮಾತ್ರ ಮುಂದಿನ ಬೂದು ಗೋಡೆಯಲ್ಲಿ ನೆಟ್ಟಿತ್ತು, ಮನೆ ಬಾಗಿಲು ಕಂಡವರ ಹಾಗೆ.

ಗಾಜಿನ ಮೇಲೆ ಸಣ್ಣ ಹನಿಗಳು ಬಿದ್ದವು. ಹಳಿ ಒಮ್ಮೆ ಮಾಸಿ, ಮತ್ತೆ ಕಂಡಿತು. ಆ ಮೋಡದ ಒಳಗೆ ವಿಮಾನಕ್ಕಿಂತ ಎತ್ತರದ ಗುಡ್ಡಗಳಿವೆ ಎಂದು ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಅವನ್ನು ಹತ್ತಿದ್ದಳು.

"ಸರ್, ನಾನು ತಿರುಗಿಸ್ತೀನಿ," ಎಂದು ಸ್ಟಿಕ್ಕನ್ನು ಬಲಕ್ಕೆ ಒತ್ತಿದಳು. ಅದು ಅಲುಗಲಿಲ್ಲ. ಅವರ ಬಲಗೈ ತಮ್ಮ ಕಡೆಯ ಸ್ಟಿಕ್ಕನ್ನು ಹಿಡಿದಿತ್ತು. ಎರಡೂ ಒಂದಕ್ಕೊಂದು ಜೋಡಿಸಿದಂಥವು. ಅವರು ಬಿಡದೆ ಅವಳದು ತಿರುಗುವುದಿಲ್ಲ. ಅರವತ್ತು ದಾಟಿದ ಆ ಕೈಯಲ್ಲಿ ಇಷ್ಟು ಬಲ ಎಲ್ಲಿತ್ತೋ.

"ಸರ್, ಕೈ ಬಿಡಿ! ನಿಮಗೆ ಹುಷಾರಿಲ್ಲ, ಕೈ ಬಿಡಿ ಸರ್!"

ಅವರು ಏನೋ ಗೊಣಗಿದರು. ಅದು ಮಾತಾಗಿರಲಿಲ್ಲ. ಸುತ್ತ ಬೆಳ್ಳಗಾಯಿತು. ಕೆಳಗಿನ ತೋಟಗಳು ಹೋದವು, ಹಳಿ ಹೋಯಿತು, ರೆಕ್ಕೆಯ ತುದಿಯೂ ಮಬ್ಬಾಯಿತು. ಬೇಡಿಕೊಂಡರೆ ಕೇಳುವ ಸ್ಥಿತಿಯಲ್ಲಿ ಅವರಿಲ್ಲ. ಆಗ ಅವಳ ಹೊಟ್ಟೆಯೊಳಗಿಂದ, ಬೆಂಗಳೂರಿನಲ್ಲಿ ಮೊದಲ ವಾರವೇ ಬಾಯಿಪಾಠ ಮಾಡಿಸಿದ್ದ ಮಾತು ಎದ್ದು ಬಂತು. ವಿಮಾನ ಯಾರ ಕೈಯಲ್ಲಿದೆ ಎಂಬ ಗೊಂದಲ ಬಾರದಿರಲೆಂದು ಪೈಲಟ್‌ಗಳು ಹೇಳುವ ಮಾತು ಅದು. ಅವಳು ಬೇಡಲಿಲ್ಲ, ಅಪ್ಪಣೆ ಕೊಟ್ಟಳು:

"ಐ ಹ್ಯಾವ್ ಕಂಟ್ರೋಲ್!"

ಭೈರೇಶ್ ಅವರ ಬಲಗೈ ತಟ್ಟನೆ ಮೇಲಕ್ಕೆದ್ದಿತು. ಬುದ್ಧಿ ಕೈಬಿಟ್ಟರೂ ಅವರ ಮೈ ಆ ಮಾತನ್ನು ಮರೆತಿರಲಿಲ್ಲ. ತೊದಲುತ್ತಾ, ಅರ್ಧಂಬರ್ಧ, ಅವರು ಉತ್ತರವನ್ನೂ ಕೊಟ್ಟರು: "ಯೂ... ಹ್ಯಾವ್..." ಆಮೇಲೆ ಅವರ ತಲೆ ಕಿಟಕಿಯ ಗಾಜಿಗೆ ಒರಗಿತು.

ಅವಳು ಮುಂದಿನ ಗಡಿಯಾರದಂಥ ಮೀಟರುಗಳನ್ನು ಬಿಟ್ಟು ಬೇರೇನನ್ನೂ ನೋಡದೆ, ರೆಕ್ಕೆ ಹೆಚ್ಚು ವಾಲದಂತೆ, ಬಲಕ್ಕೆ ತಿರುಗಿಸುತ್ತಾ ಹೋದಳು. ವಿಮಾನ ನೆಟ್ಟಗಿದೆ ಎಂದು ಮೀಟರು ಹೇಳಿದರೆ, ಬೀಳುತ್ತಿದೆ ಎಂದು ಮೈ ಹೇಳುತ್ತಿತ್ತು. ಅವಳು ಮೈಯನ್ನು ನಂಬಲಿಲ್ಲ. "ಹಾಂ" ಎನ್ನುವ ದನಿ ಇರಲಿಲ್ಲ. ಪಕ್ಕದಲ್ಲಿ ಗೊರಗೊರ ಉಸಿರು ಮಾತ್ರ. ದಿಕ್ಸೂಚಿ ಪೂರ್ವಕ್ಕೆ ಬಂದು ಎಷ್ಟೋ ಹೊತ್ತಾದ ಮೇಲೆ ಬಿಳುಪು ಹರಿದು, ಕೆಳಗೆ ಬಿಸಿಲು ಬಿದ್ದ ಒಂದು ಕೆರೆ ಕಂಡಿತು. ಅವಳು ಗಟ್ಟಿಯಾಗಿ ಅತ್ತುಬಿಟ್ಟಳು. ಅಳುತ್ತಲೇ ರೇಡಿಯೋ ಒತ್ತಿದಳು.

"ಸಿದ್ದೇಶ್, ಸರ್‌ಗೆ ಸ್ಟ್ರೋಕ್ ಆಗಿದೆ. ಆಂಬುಲೆನ್ಸ್ ಕರೆಸಪ್ಪಾ. ನಾನೇ ಇಳಿಸ್ತೀನಿ."

"ಮೇಡಂ, ಗಾಳಿ ಅಡ್ಡ ಬೀಸ್ತಾ ಐತೆ, ಹುಷಾರು," ಎಂದ ಅವನು.

ಬೀರೂರಿನ ಹಳಿ ಹುಡುಕಿಕೊಂಡು ರನ್‌ವೇಗೆ ಮರಳಿದವಳು ಮೊದಲ ಸಲ ತೀರಾ ಎತ್ತರದಲ್ಲಿ ಬಂದಳು. ರನ್‌ವೇ ಅರ್ಧ ಕಾಲಡಿಗೆ ಸರಿದುಹೋದಾಗ ಒತ್ತಾಯದಿಂದ ಇಳಿಸುವ ಆಸೆಯನ್ನು ನುಂಗಿಕೊಂಡು ಮತ್ತೆ ಮೇಲೇರಿಸಿದಳು. ಎರಡನೇ ಸಲ ವಿಮಾನ ನೆಲಕ್ಕೆ ಬಡಿದು ಪುಟಿಯಿತು, ವಾಲಿತು, ಮತ್ತೆ ಬಡಿದು, ರಾಗಿ ಹೊಲದ ಅಂಚಿಗೆ ಮುಖ ಮಾಡಿ ನಿಂತಿತು. ಎಂಜಿನ್ ಆರಿಸಿದ ಮೇಲೂ ಅವಳ ಬೆರಳು ಸ್ಟಿಕ್ಕನ್ನು ಬಿಡಲಿಲ್ಲ. ಸಿದ್ದೇಶ್ ಬಂದು ಒಂದೊಂದಾಗಿ ಬಿಡಿಸಿದ.

ಭೈರೇಶ್ ಬದುಕಿದರು. ಐದಾರು ದಿನದ ಮೇಲೆ ಯಶೋದಾ ಶಿವಮೊಗ್ಗದ ಆಸ್ಪತ್ರೆಗೆ ಹೋದಾಗ ಅವರ ಹೆಂಡತಿ ಸಾವಿತ್ರಮ್ಮ ಅವಳನ್ನು ಒಳಗೆ ಬಿಡುವ ಮುಂಚೆ ಹೊರಗಿನ ಬೆಂಚಿನ ಮೇಲೆ ಕೂರಿಸಿಕೊಂಡರು.

"ಮುಂಗಾರಿಗೆ ಮುಂಚೇನೂ ಒಂದ್ಸಲ ಹಿಂಗೆ ಆಗಿತ್ತು ಕಣಮ್ಮ. ಅರ್ಧ ದಿನದಲ್ಲಿ ಸರಿ ಹೋಯ್ತು. ಯಾರಿಗೂ ಹೇಳ್ಬೇಡ, ಹೇಳಿದ್ರೆ ನನ್ನ ಹಾರೋಕೇ ಬಿಡಲ್ಲ ಅಂತ ಆಣೆ ಹಾಕಿಸ್ಕೊಂಡ್ರು." ಅವರು ಯಶೋದಾಳ ಕೈ ಹಿಡಿದರು. "ಇದೇ ಮೊದಲ್ನೇ ಸಲ ಹಿಂಗಾಯ್ತು ಅಂತ ಹೇಳಮ್ಮ. ಮುಂಚೇನೂ ಆಗಿತ್ತು ಅನ್ಬೇಡ. ಮತ್ತೆ ಹಾರ್ತೀನಿ ಅನ್ನೋ ಆಸೆ ಇಲ್ದಿದ್ರೆ ಅವ್ರು ಎದ್ದೇಳಲ್ಲ."

ಒಳಗೆ ಭೈರೇಶ್ ದಿಂಬಿಗೆ ಒರಗಿ ಕೂತಿದ್ದರು. ಅವಳನ್ನು ಕಂಡು ಬಾಯಿಯ ಒಂದು ಬದಿಯಲ್ಲಿ ನಕ್ಕರು. ಮಾತು ಮುದ್ದೆಯಾಗಿ ಬರುತ್ತಿತ್ತು. "ದೀಪಾವಳಿ ಹೊತ್ಗೆ... ಬರ್ತೀನಿ. ವಿದ್ಯಾಶ್ರೀ... ಕಾಯ್ತಿರ್ತಾಳೆ."

ಆ ಬೆಳಿಗ್ಗೆ ಎಡಗಡೆಯ ಸೀಟಿನಲ್ಲಿ ಆ ಹುಡುಗಿ ಇದ್ದಿದ್ದರೆ? ಬೀರೂರಿನಿಂದ ಯಾವ ಹಳಿ ಎಲ್ಲಿಗೆ ಹೋಗುತ್ತದೆಂದು ತಿಳಿಯದ, ಮೇಷ್ಟ್ರು ಹೇಳಿದ್ದನ್ನು ಕಣ್ಣುಮುಚ್ಚಿ ಮಾಡುವ ಹುಡುಗಿ?

"ಸರ್, ನಡೆದದ್ದನ್ನೆಲ್ಲ ನಾನು ಓಂಕಾರೇಶ್‌ಗೆ ಹೇಳ್ತೀನಿ," ಎಂದಳು. "ನೀವಿನ್ನು ಯಾರನ್ನೂ ಕರ್ಕೊಂಡು ಹಾರಬಾರದು."

ಅವರ ನಗು ಅಲ್ಲೇ ನಿಂತಿತು. ಅವರು ಗೋಡೆಯ ಕಡೆ ಹೊರಳಿದರು. ಬಾಗಿಲಲ್ಲಿ ನಿಂತಿದ್ದ ಸಾವಿತ್ರಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಆದರೆ ಹೋಗಿ ಬಾ ಎನ್ನಲಿಲ್ಲ.

ಅವಳು ಹೇಳಿದಳು. ಭೈರೇಶ್ ಮತ್ತೆ ಆ ರನ್‌ವೇಗೆ ಬರಲಿಲ್ಲ. ಅವರ ಜಾಗಕ್ಕೆ ಹೊಸ ಮೇಷ್ಟ್ರು ಬಂದರು, ಕಾರ್ತಿಕದಲ್ಲಿ ಯಶೋದಾ ಒಬ್ಬಳೇ ಹಾರಿದಳು. ಇಳಿದ ಮೇಲೆ ಸಿದ್ದೇಶ್ ಸಿಹಿ ಹಂಚಿದ. ಎಲ್ಲರೂ ಅವಳ ಧೈರ್ಯದ ಬಗ್ಗೆ ಮಾತಾಡಿದರು. ಅವಳು ತನ್ನ ಲಾಡನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಆ ಸಂಜೆ ಸಾವಿತ್ರಮ್ಮನ ಫೋನ್ ಬಂತು. "ಒಬ್ಳೇ ಹೋಗಿದ್ಯಂತೆ. ಇವ್ರು ಮಾತಾಡ್ಬೇಕಂತೆ," ಎಂದರು, ಅಷ್ಟೇ. ಆ ಕಡೆಯಿಂದ ಉಸಿರಾಟ ಕೇಳಿಸಿತು. ಆಮೇಲೆ ಒಂದೇ ಒಂದು ಮಾತು, ಕಷ್ಟಪಟ್ಟು:

"ಮೋಡ?"

"ಇತ್ತು ಸರ್. ದೂರದಲ್ಲೇ ಇದ್ದೆ."

ಫೋನ್ ಕಟ್ಟಾಯಿತು.

ಅಂಗಡಿಯ ಬಾಗಿಲು ಎಳೆಯುತ್ತಿದ್ದ ಗಂಡನ ಹತ್ತಿರ ಹೋಗಿ ಅವಳು ನಿಂತಳು. "ರೀ, ನಂಗೇನಾದ್ರೂ ಮೇಷ್ಟ್ರ ಥರ ಶುರುವಾದ್ರೆ, ನಾನು ಎಷ್ಟೇ ಬೈಕೊಳ್ಳಲಿ, ನೀವು ಹೇಳ್ಬಿಡ್ಬೇಕು."

ರಾಜಶೇಖರ್ ಬೀಗ ಹಾಕುತ್ತಿದ್ದವನು ತಲೆಯೆತ್ತಿದ. "ನೀನು ಕೇಳ್ತೀಯೇನೇ?"

"ಗೊತ್ತಿಲ್ಲ ಕಣ್ರೀ. ಆದ್ರೂ ಹೇಳಿ."