ಕೈ ಕಟ್ಟಿದ ಬಟ್ಟೆ

ಎಷ್ಟು ಬಿಗಿಯಾಗಿ ಕಟ್ಟುತ್ತಾಳಪ್ಪಾ ಈ ಹೆಂಗಸು, ಮಾವಿನಹಣ್ಣಿನ ಬುಟ್ಟಿಗೆ ಗೋಣಿತಟ್ಟು ಹೊದಿಸಿ, ಹಲ್ಲಿನಲ್ಲಿ ಹುರಿ ಕಚ್ಚಿ ಹಿಡಿದು, ಒಂದು ಗಂಟು, ಅದರ ಮೇಲೆ ಇನ್ನೊಂದು, ಕೋಲಾರದಲ್ಲಿ ಇಳಿದ ಮೇಲೆ ಇದನ್ನೆಲ್ಲ ಬಿಚ್ಚುವವರು ಯಾರು — ಕೋಲಾರ ಕೋಲಾರ ಕೋಲಾರ, ಕಂಡಕ್ಟರು ಕೂಗುತ್ತಿದ್ದಾನೆ, ಇದು ಮೂರನೆಯ ಬಸ್ಸು, ಎರಡನ್ನು ಬಿಟ್ಟಾಯಿತು, ಬೆಳಗಿನಿಂದ ಶ್ರೀನಿವಾಸಪುರದ ಈ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೇನೆ, ತೊಡೆಯ ಮೇಲೆ ಚೀಲ, ಚೀಲದಲ್ಲಿ ನನ್ನ ಎರಡು ಹಳೆಯ ಸೀರೆ, ಸೀರೆಯ ಮಡಿಕೆಯಲ್ಲಿ ಆ ಬಿಳಿ ಬಟ್ಟೆ. ಸೀರೆಯೇ ಸಾಕಾಗಿತ್ತು, ಅದನ್ನು ಯಾಕೆ ಟ್ರಂಕಿನಿಂದ ತೆಗೆದೆನೋ ನನಗೇ ಗೊತ್ತಿಲ್ಲ. ಕಾಗದ ಬಂದದ್ದು ಮೊನ್ನೆ, ಮೂರು ವರ್ಷದ ಮೇಲೆ ಇನ್ನಾಸನ ಅಕ್ಷರ, ನನ್ನ ಮಗನ ಅಕ್ಷರ, ಈಗಲೂ ಕೋಳಿ ಕೆದಕಿದ ಹಾಗೇ ಇದೆ, ಅಮ್ಮ, ಹೆಣ್ಣುಮಗು ಹುಟ್ಟಿದೆ, ಕೋಲಾರದ ಆಸ್ಪತ್ರೆಯಲ್ಲಿದ್ದೇವೆ, ನನ್ನ ಹೆಂಡತಿ ಫಿಲೋಮಿನ ಅನಾಥಾಶ್ರಮದಲ್ಲಿ ಬೆಳೆದವಳು, ಅವಳಿಗೆ ತಾಯಿಯಿಲ್ಲ, ಮಗುವಿಗೆ ಸುತ್ತಲು ಒಂದು ಮೆತ್ತನೆಯ ಹಳೆ ಬಟ್ಟೆ ಕೊಡುವವರೂ ಇಲ್ಲ, ನಿನ್ನ ಸೀರೆ ಇದ್ದರೆ ಯಾರ ಕೈಲಾದರೂ ಕಳಿಸು, ನೀನೇ ಬಾ ಎಂದು ಕೇಳುವುದಿಲ್ಲ. ಕೇಳುವುದಿಲ್ಲವಂತೆ! ಏನು ಪೊಗರು, ಎಲ್ಲ ಅವರಪ್ಪನ ಬುದ್ಧಿ, ಅಲ್ಲ, ನನ್ನದೇ. ಪಕ್ಕದ ಮನೆ ಅಶ್ವತ್ಥಮ್ಮ ಬೆಳಿಗ್ಗೆಯೇ ಬಾಗಿಲಿಗೆ ಬಂದಿದ್ದಳು, ಏನಮ್ಮಾ ಚೌರಮ್ಮ, ಇನ್ನೂ ಇಲ್ಲೇ ಇದ್ದೀಯಾ, ಹೊಸ ಬಟ್ಟೆ ಮಗೀಗೆ ಚುಚ್ಚುತ್ತೆ ಕಣಮ್ಮ, ಅಜ್ಜಿ ಉಟ್ಟು ಉಟ್ಟು ಮೆತ್ತಗಾಗಿರೋ ಸೀರೇನೇ ಹಾಸ್ಬೇಕು, ನಿಮ್ಮ ದೇವ್ರೇನಾದ್ರೂ ಬೇಡ ಅಂತಾನಾ? ನನ್ನ ದೇವರು ಏನನ್ನುತ್ತಾನೋ ನನಗೆಲ್ಲಿ ಗೊತ್ತು, ಗೊತ್ತು ಅಂದುಕೊಂಡೇ ಇಷ್ಟು ದಿನ ಬಾಳಿದೆ.

ಎಪ್ಪತ್ತೈದನೇ ಇಸವಿ, ಅವನ ಗುರುದೀಕ್ಷೆ, ಅವನು ಪಾದ್ರಿಯಾದ ದಿನ, ಬಿಷಪ್ಪರು ಅವನ ಎರಡೂ ಅಂಗೈಗೆ ಪವಿತ್ರ ತೈಲ ಸವರಿ, ಕೈ ಜೋಡಿಸಿ, ಬಿಳಿ ಬಟ್ಟೆಯಿಂದ ಕಟ್ಟಿದರು, ತಾಯಿ ಬಂದು ಬಿಚ್ಚಬೇಕು ಎಂದರು, ಗಂಡ ಹೋದ ಮೇಲೆ ನಾಲ್ಕು ಜನರ ಮುಂದೆ ನಿಂತವಳಲ್ಲ ನಾನು, ಇಡೀ ಚರ್ಚು ನೋಡುತ್ತಿದೆ, ಎಣ್ಣೆಗೆ ಗಂಟು ಜಾರುತ್ತದೆ, ಅವನು ತುಟಿಯಲ್ಲೇ ಅಂದ, ಹೆದರ್ಬೇಡ, ಬಿಚ್ಚಮ್ಮ. ಬಿಚ್ಚಿದೆ. ಬಟ್ಟೆಯನ್ನು ನನಗೇ ಕೊಟ್ಟರು. ನಮ್ಮ ಚರ್ಚಿನ ಹಳೆಯ ಸ್ವಾಮಿಗಳು ಹೇಳಿದರು, ಜೋಪಾನ ಚೌರಮ್ಮ, ನೀನು ಸತ್ತಾಗ ಇದನ್ನ ನಿನ್ನ ಕೈಲಿಟ್ಟು ಪೆಟ್ಟಿಗೆ ಮುಚ್ತಾರೆ, ಏನು ತಂದಿದ್ದೀಯ ಅಂತ ದೇವರು ಕೇಳಿದ್ರೆ ತೋರಿಸು, ಮಗನನ್ನೇ ಕೊಟ್ಟೆ ಅನ್ನು. ಅವತ್ತಿನಿಂದ ಅವನು ಮಗನಲ್ಲ, ಫಾದರ್ ಇನ್ನಾಸಪ್ಪ, ರಜೆಗೆ ಬಂದರೆ ನಾನೇ ಕೈಮುಗಿಯುತ್ತಿದ್ದೆ, ಊಟ ಮಾಡಿ ಫಾದರ್ ಅನ್ನುತ್ತಿದ್ದೆ, ಅವನ ಮುಖ ಸಣ್ಣದಾಗುತ್ತಿತ್ತು, ನಾನು ನೋಡಲಿಲ್ಲ, ಸುಳ್ಳು, ನೋಡಿದೆ, ನೋಡಿಯೂ ಹಾಗೇ ಅಂದೆ, ಪಕ್ಕದವರಿಗೆ ಕೇಳಿಸಲಿ ಅಂತ ಗಟ್ಟಿಯಾಗಿ ಅಂದೆ. ದೇವರಿಗೆ ಕೊಟ್ಟೆನೋ, ಊರ ಮುಂದೆ ಮೆರೆದೆನೋ. ಎಂಬತ್ತರಲ್ಲಿ ಪಾದ್ರಿತನ ಬಿಟ್ಟು ಬಂದ, ಸುಡುವ ಮಧ್ಯಾಹ್ನ, ಬಿಳಿ ನಿಲುವಂಗಿಯಿಲ್ಲ, ನೀಲಿ ಷರಟು, ಅಮ್ಮಾ ಎಂದ, ನಾನು ಒಳಗಿನಿಂದ ಚಿಲಕ ಹಾಕಿದೆ, ಕೊಟ್ಟಿದ್ದನ್ನ ನಾನು ವಾಪಸ್ ತಗೊಳ್ಳಲ್ಲ, ನನಗೆ ಮಗ ಇಲ್ಲ, ಹೋಗು. ಅವನು ಕಿಟಕಿಯ ಸರಳಿನ ನಡುವೆ ಎರಡೂ ಕೈ ತೂರಿಸಿದ, ಅಂಗೈ ಮೇಲೆ ಮಾಡಿ, ಅಲ್ಲಿ ಒಬ್ನೇ ಇರಕ್ಕಾಗ್ಲಿಲ್ಲಮ್ಮ ಎಂದ. ಒಬ್ಬನೇ! ನಾನೇನು ಜಾತ್ರೆ ಕಟ್ಟಿಕೊಂಡು ಕೂತಿದ್ದೆನೇ, ಇವತ್ತಿಗೂ ಎರಡು ಮುದ್ದೆ ತಿರುವಿ ಬೆಳಿಗ್ಗೆ ಒಂದನ್ನು ಅಶ್ವತ್ಥಮ್ಮನ ಹಸುವಿಗೆ ಹಾಕುತ್ತೇನೆ, ಸಂಜೆ ಜಪಸರ ಹಿಡಿದು ಒಬ್ಬಳೇ ಹೇಳಿ ಒಬ್ಬಳೇ ಉತ್ತರ ಕೊಟ್ಟುಕೊಳ್ಳುತ್ತೇನೆ, ಮಾತಾಡದೆ ಮಾತಾಡದೆ ಗಂಟಲು ಒಣಗಿ ಹೋಗಿದೆ.

ಚರ್ಚಿನಲ್ಲಿ ವ್ಯಾಕುಲಮಾತೆಯ ಪಟದ ಮುಂದೆಯೇ ನನ್ನ ಜಾಗ, ತಾಯೇ, ನೀನೂ ಮಗನನ್ನು ಕೊಟ್ಟೆ, ನಾನೂ ಕೊಟ್ಟೆ, ಎಂಟು ವರ್ಷ ಅದೇ ಪ್ರಾರ್ಥನೆ, ದೊಡ್ಡ ಸರಿಸಮಾನಳು ಬಂದೆ! ನಿನ್ನೆ ಪೂಜೆಯ ಮಧ್ಯೆ ಕಣ್ಣಿಗೆ ಬಿತ್ತು, ಆ ಪಟದಲ್ಲಿ ಅವಳು ಕೊಡುತ್ತಿಲ್ಲ, ತೆಗೆದುಕೊಳ್ಳುತ್ತಿದ್ದಾಳೆ, ಶಿಲುಬೆಯಿಂದ ಇಳಿಸಿದ ಮಗನನ್ನು ಮಡಿಲು ಚಾಚಿ ತೆಗೆದುಕೊಂಡಿದ್ದಾಳೆ, ಬಂದದ್ದು ಹೆಣ, ಆದರೂ ಬಾ ಅಂದಿದ್ದಾಳೆ, ನನಗೆ ಬಂದದ್ದು ಜೀವಂತ ಮಗ, ಕೈ ಬಿಸಿಯಿದ್ದ ಮಗ. ಎಷ್ಟು ಸಲ ನೋಡಿದ್ದೆ ಆ ಪಟವನ್ನು, ಕಣ್ಣಿದ್ದೂ ಕುರುಡಿ. ಕಂಡಕ್ಟರು ಕೂಗುತ್ತಾನೆ, ಅಜ್ಜೀ, ಬರ್ತೀಯಾ ಇಲ್ವಾ, ಇದು ಹೋದ್ರೆ ಇನ್ನ ಮಧ್ಯಾಹ್ನಕ್ಕೇ — ಬರ್ತೀನಪ್ಪಾ, ಇರು, ಮಂಡಿ ಹಿಡಿದಿದೆ, ಬುಟ್ಟಿಯವಳು ಸರಿದು ಕಿಟಕಿಯ ಪಕ್ಕ ಜಾಗ ಕೊಟ್ಟಳು, ಚೀಲ ಎದೆಗೊತ್ತಿಕೊಂಡಿದ್ದೇನೆ, ಎಣ್ಣೆಯ ವಾಸನೆ ಪೂರಾ ಹೋಗಿಲ್ಲ, ಇಲ್ಲ, ನನ್ನ ಭ್ರಮೆ. ಇದನ್ನೇ ಮಗುವಿಗೆ ಸುತ್ತುತ್ತೇನೆ, ಒದ್ದೆ ಮಾಡುತ್ತದೆ, ಮಾಡಲಿ, ಒಗೆದು ಒಣಹಾಕಿ ಮತ್ತೆ ಸುತ್ತುತ್ತೇನೆ, ಚಿಂದಿಯಾಗಲಿ, ಪೆಟ್ಟಿಗೆಯಲ್ಲಿ ಬರಿಗೈಲಿ ಮಲಗುತ್ತೇನೆ, ದೇವರು ಕೇಳಿದರೆ ಏನೂ ತಂದಿಲ್ಲ ಅನ್ನುತ್ತೇನೆ. ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಏನನ್ನಲಿ, ಫಾದರ್ ಅಂತ ಬಾಯಿಗೆ ಬರಬಾರದು, ಇನ್ನಾಸ ಅನ್ನಬೇಕು, ಲೋ ಇನ್ನಾಸ, ನಾಲಿಗೆಗೆ ಅಭ್ಯಾಸವೇ ತಪ್ಪಿದೆ, ಇನ್ನಾಸ, ಬಸ್ಸು ಹೊರಟಿತು, ಕಿಟಕಿಯ ಸರಳು ಬಿಸಿಲಿಗೆ ಕಾದಿದೆ, ಅವತ್ತೂ ಕಾದಿತ್ತು, ಎಷ್ಟು ಹೊತ್ತು ಹಾಗೇ ಇಟ್ಟಿದ್ದನೋ ಅವನು, ಬುಟ್ಟಿಯವಳು ಕೇಳುತ್ತಿದ್ದಾಳೆ ಯಾರ ಮನೆಗಮ್ಮಾ, ಮಗನ ಮನೆಗಾ, ಉತ್ತರ ಹೇಳಬೇಕು, ಹೇಳುತ್ತೇನೆ, ಸರಳಿನ ನಡುವೆ ಅವನ ಎರಡು ಕೈ, ಅಂಗೈ ಮೇಲೆ ಮಾಡಿ, ನಾನು ಮುಟ್ಟಲಿಲ್ಲ, ಬಿಚ್ಚಮ್ಮ, ಎರಡು ಕೈ, ನಾನು ಮುಟ್ಟಲಿಲ್ಲ, ಎರಡು ಕೈ