ಟೀ ಗಾಡಿ ಬರುವ ತನಕ

"ಮುಗ್ಸು ಭಾವ! ಒಂದೇ ಹಾಡನ್ನ ಇನ್ನೆಷ್ಟು ಎಳೀತೀಯಾ? ನನ್ ಕೈ ಬಿದ್ದೋಯ್ತು!" ಎಂದು ತಬಲಾ ಬಾರಿಸುತ್ತಲೇ ಭಾವಮೈದುನ ಸಿಡುಕಿದ.

"ಬಾಯ್ಮುಚ್ಕೊಂಡು ಬಾರ್ಸೋ. ಟೀ ಗಾಡಿ ಬರ್ಲಿ," ಎಂದು ಭಾವ ಹಾರ್ಮೋನಿಯಂ ನುಡಿಸುತ್ತಲೇ ಹಲ್ಲು ಕಡಿದ.

ಅವರು ಹಾಡುತ್ತಿದ್ದ ವೃದ್ಧಾಶ್ರಮದ ಕಟ್ಟಪ್ಪಣೆ ಅದೊಂದೇ: ಟೀ ಬರುವ ತನಕ ಹಾಡು ನಿಲ್ಲಬಾರದು. ಹಾಡು ನಿಂತರೆ ಸಾಕು, ಮರೆವು ಹಿಡಿದ ಮುದುಕರೆಲ್ಲ ಕಾರ್ಯಕ್ರಮ ಮುಗಿಯಿತೆಂದು ಮನೆಗೆ ಹೊರಟು, ಬೀಗ ಹಾಕಿದ ಬಾಗಿಲ ಮುಂದೆ ಅಳುತ್ತಿದ್ದರು. ಟೀ ಕಂಡರೆ ಮಾತ್ರ ಮನೆ ಮರೆಯುತ್ತಿದ್ದರು. ಇನ್ನೊಮ್ಮೆ ಹಾಗಾದರೆ ನಿಮ್ಮ ಸಂಗೀತವೇ ಬೇಡ ಎಂದು ಮೇಟ್ರನ್ ಖಡಾಖಂಡಿತವಾಗಿ ಹೇಳಿದ್ದಳು. ಭಾವನನ್ನು ಬೇರೆಲ್ಲೂ ಯಾರೂ ಕರೆಯುತ್ತಿರಲಿಲ್ಲ. ಅವನ ಅನ್ನ ಈ ಹಜಾರದಲ್ಲೇ ಇತ್ತು.

"ಗಾಡಿ ಕಾಯೋಕೆ ಇದೇನು ಬಸ್ ಸ್ಟ್ಯಾಂಡಾ?" ಎಂದವನೇ ಭಾವಮೈದುನ ಜೋರಾಗಿ ಮುಕ್ತಾಯದ ಪೆಟ್ಟು ಹಾಕಿ, ತಬಲಾವನ್ನೂ ಬಿಟ್ಟು ಎದ್ದ.

ಮುದುಕರೂ ಎದ್ದರು. ನಿವೃತ್ತ ಮೇಷ್ಟ್ರೊಬ್ಬರು ಶಾಲು ಹೊದ್ದುಕೊಂಡು, "ಚೆನ್ನಾಗಿತ್ತಪ್ಪ, ಬರ್ತೀವಿ," ಎಂದರು.

ಕಾವಲುಗಾರ ಭಾವಮೈದುನನೊಬ್ಬನನ್ನೇ ಹೊರಗೆ ಬಿಟ್ಟು ಬೀಗ ಹಾಕಿದ. ಭಾವ ಗಡಬಡಿಸಿ ಅದೇ ಹಾಡನ್ನು ಮೊದಲಿಂದ ಎತ್ತಿಕೊಂಡ.

"ಓ, ಈಗ ಶುರುವಾಯ್ತಾ?" ಎಂದು ಮೇಷ್ಟ್ರು ಖುಷಿಯಿಂದ ಕೂತರು.

ಭಾವಮೈದುನ ಮತ್ತೆ ಬರಲಿಲ್ಲ. ಟೀ ಗಾಡಿಯೂ ಇನ್ನೂ ಬಂದಿರಲಿಲ್ಲ.