ಕೂತು ನೋಡಿದವರು

ದಿನವಿಡೀ ಬಾಗಿ ಕೂತು ಊರವರ ಬಾಯಿಗೆ ಹಲ್ಲಿನ ಸೆಟ್ಟು ತಯಾರಿಸುವ ಸೊಸೆಗೆ ಬೆನ್ನುನೋವು ಬಂದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕಿಟಕಿಯಿಲ್ಲದ ಲ್ಯಾಬಿನಲ್ಲಿ, ಮೇಜಿನ ದೀಪದ ಕೆಳಗೆ, ಗುಲಾಬಿ ಬಣ್ಣದ ಒಸಡಿಗೆ ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ.

"ಹಲ್ಲು ಕೂರಿಸಿ ಕೂರಿಸಿ ನೀವೂ ಕೂತಲ್ಲೇ ಕೂತಿದೀರ. ಸಂಜೆ ಸ್ವಲ್ಪ ನಡೀರಿ," ಎಂದರು ಡಾಕ್ಟರು.

ಅವಳು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ. ಮನೇಲಿ ಗೋಡೆ ನೋಡಿ ನೋಡಿ ಈಗ ಗೋಡೆಗೇ ನನ್ನ ಕಂಡ್ರೆ ಬೇಜಾರು."

ಅತ್ತೆಯ ಉತ್ಸಾಹಕ್ಕೂ ಅವರ ಮಂಡಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬೀದಿಯ ತಿರುವು ದಾಟುವುದರೊಳಗೆ, "ಎಲ್ಲಾದ್ರೂ ಕೂರೋಣ," ಎನ್ನುತ್ತಿದ್ದರು. ಸೊಸೆಗೆ ನಡೆಯಬೇಕು, ಅತ್ತೆಗೆ ಕೂರಬೇಕು. ಹೀಗೆ ಎರಡು ದಿನ ಎಳೆದಾಡಿದ ಮೇಲೆ ಸೊಸೆ ಮೊಬೈಲಿನ ನಕ್ಷೆಯಲ್ಲಿ ಹತ್ತಿರ ಕೂರುವ ಜಾಗ ಎಲ್ಲೆಲ್ಲಿದೆ ಎಂದು ಹುಡುಕಿದಳು. ಹೋಟೆಲು, ಆಸ್ಪತ್ರೆಗಳಿಗೆ ಜನ ಅಭಿಪ್ರಾಯ ಬರೆಯುವುದು ಅವಳಿಗೆ ಗೊತ್ತಿತ್ತು. ಆದರೆ ಇಲ್ಲೊಬ್ಬರು ಊರಿನ ಬೆಂಚುಗಳಿಗೆಲ್ಲ ಬರೆದಿದ್ದರು! ಹೆಸರಿನ ಜಾಗದಲ್ಲಿ "ಕೂತು ನೋಡಿದವರು" ಎಂದಷ್ಟೇ ಇತ್ತು.

"ಅಂಚೆ ಕಚೇರಿ ಎದುರಿನ ಕಲ್ಲು ಬೆಂಚು. ಎರಡು ನಕ್ಷತ್ರ. ಮಧ್ಯಾಹ್ನ ಕೂತರೆ ಕಾವಲಿ ಮೇಲೆ ಕೂತಂತೆ."

"ಗ್ರಂಥಾಲಯದ ಹೊರಗಿನ ಮರದ ಬೆಂಚು. ಮೂರು. ಎಡತುದಿಯಲ್ಲಿ ಮೊಳೆ ಎದ್ದಿದೆ. ಉಟ್ಟ ಬಟ್ಟೆಯ ಮೇಲೆ ಪ್ರೀತಿ ಇರುವವರು ಬಲಕ್ಕೆ ಕೂರಿ."

"ಬಸ್ ನಿಲ್ದಾಣದ ಕಬ್ಬಿಣದ ಕುರ್ಚಿ. ಒಂದು. ಸೊನ್ನೆ ಕೊಡಲು ಇಲ್ಲಿ ಅವಕಾಶವಿಲ್ಲ. ಇದನ್ನು ಮಾಡಿದ ಪುಣ್ಯಾತ್ಮ ಜನ್ಮದಲ್ಲಿ ಒಮ್ಮೆಯೂ ಕೂತವನಲ್ಲ."

ಸೊಸೆ ನಡುಬೀದಿಯಲ್ಲಿ ನಿಂತು ಒಬ್ಬಳೇ ನಕ್ಕಳು. ಅತ್ತೆಗೆ ಓದಿ ಹೇಳಿದಳು. ಅತ್ತೆ ನಗಲಿಲ್ಲ, ನೇರವಾಗಿ ಗ್ರಂಥಾಲಯದ ಬೆಂಚಿನ ತನಕ ನಡೆದು, ಎಡತುದಿಯನ್ನು ಬೆರಳಿನಿಂದ ತಡವಿ ನೋಡಿದರು. ಮೊಳೆ ಇತ್ತು. "ಮನುಷ್ಯ ಸತ್ಯವಂತ," ಎಂದು ಬಲಕ್ಕೆ ಕೂತರು.

ಅಂದಿನಿಂದ ಇಬ್ಬರ ತಲೆಗೂ ಒಂದೇ ಹುಳ ಹೊಕ್ಕಿತು. ಯಾರಿರಬಹುದು? ಊಟಕ್ಕೆ ಕೂತಾಗ ಗಂಡ, "ರಿಟೈರಾದ ಇಂಜಿನಿಯರೇ ಇರ್ಬೇಕು, ಅವ್ರಿಗೆ ಎಲ್ಲದ್ರಲ್ಲೂ ತಪ್ಪು ಕಾಣತ್ತೆ," ಎಂದ.

"ಅಲ್ಲ, ಯಾರೋ ಸೋಮಾರಿ ಮುದುಕ," ಎಂದರು ಅತ್ತೆ. "ಸೊಸೆ ಮನೆಯಿಂದ ಹೊರಗೆ ದಬ್ಬಿರ್ತಾಳೆ." ಹೀಗೆಂದು ಸೊಸೆಯತ್ತ ಒಂದು ನೋಟ ಬೀರಿ, ಇನ್ನೊಂದು ತುತ್ತು ಕಲಸಿದರು.

ಸೊಸೆಗೆ ಹಲ್ಲಿನ ಅಚ್ಚು ನೋಡಿದರೆ ಅದು ಎಂಥವರ ಬಾಯಿ ಎಂದು ಊಹಿಸುವ ಚಟವಿತ್ತು. ಅಗಿಯುವವರೋ, ಕಡಿಯುವವರೋ, ನಿದ್ದೆಯಲ್ಲಿ ಹಲ್ಲು ಮಸೆಯುವವರೋ ಎಂಬುದೆಲ್ಲ ಅಚ್ಚಿನಲ್ಲೇ ಇರುತ್ತದೆ. ಅದೇ ಚಟದಲ್ಲಿ ಈ ಬರಹಗಳನ್ನೂ ಮತ್ತೆ ಮತ್ತೆ ಓದಿದಳು. ಕಾಲು ನೆಲಕ್ಕೆ ಎಟಕುವುದಿಲ್ಲ ಎಂಬ ದೂರು ಪದೇ ಪದೇ ಇತ್ತು. ಹಾಗಾದರೆ ಆಳು ಗಿಡ್ಡ. ಬರೆದದ್ದೆಲ್ಲ ಮಂಗಳವಾರಗಳಂದೇ. ಆದರೆ ಮಂಗಳವಾರ ಮಾತ್ರ ಬಿಡುವಿರುವ ಮುದುಕ ಎಲ್ಲಿರುತ್ತಾನೆ?

ಮುಂದಿನ ಮಂಗಳವಾರ ಅವಳು ಅರ್ಧ ದಿನ ರಜೆ ಹಾಕಿದಳು. ಕೆರೆಯ ದಡದಲ್ಲಿದ್ದ ಹೊಸ ಬೆಂಚಿಗೆ ಇನ್ನೂ ಯಾರೂ ಏನೂ ಬರೆದಿರಲಿಲ್ಲ. ಬಂದರೆ ಅಲ್ಲಿಗೇ ಬರಬೇಕು ಎಂದು ಲೆಕ್ಕ ಹಾಕಿದಳು. ಅಲ್ಲಿ ಆಗಲೇ ಒಬ್ಬ ಹೆಂಗಸು ಷೂ ಬಿಚ್ಚಿಟ್ಟು, ಕಾಲನ್ನು ತನ್ನ ಚೀಲದ ಮೇಲಿರಿಸಿ ಕಣ್ಣು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ಕೊಡೆಯೊಂದು ಅಡ್ಡಡ್ಡ ಮಲಗಿತ್ತು. ಅತ್ತೆ ಅದನ್ನು ಎತ್ತಿ ನೆಲಕ್ಕಿಟ್ಟು ಆಸೀನರಾದರು. ಆಮೇಲೆ ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಿಡ್ಡ ಮುದುಕರಿಗಾಗಿ ಕಾದರು. ಒಬ್ಬ ಬಂದ. ಆದರೆ ಕೂರಲೇ ಇಲ್ಲ, ಬಾತುಕೋಳಿಗಳಿಗೆ ಬೈದು ಹೋದ. ಕತ್ತಲಾಗುವ ಮುಂಚೆ ಮನೆಗೆ ಮರಳಿ ಮೊಬೈಲು ತೆರೆದರೆ:

"ಕೆರೆ ದಡದ ಬೆಂಚು. ನಾಲ್ಕು ಕೊಡಬೇಕೆಂದಿದ್ದೆ. ಅಷ್ಟರಲ್ಲಿ ಇಬ್ಬರು ಬಂದರು. ಹಿರಿಯರು ನನ್ನ ಕೊಡೆಯನ್ನು ನೆಲಕ್ಕಿಟ್ಟರು. ಯಾರೋ ಸೋಮಾರಿ ಮುದುಕನನ್ನು ಹಿಡಿಯುವ ಬಗ್ಗೆ ಎಡೆಬಿಡದೆ ಮಾತಾಡಿದರು. ಮೂರು."

ಸೊಸೆ ಹಣೆ ಚಚ್ಚಿಕೊಂಡಳು. ಗಂಡ ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡ. ಅತ್ತೆಯ ಮುಖ ಮಾತ್ರ ಕೆಂಪಾಯಿತು. "ಅಲ್ವೇ, ಕೊಡೆಗೂ ಒಂದು ಸೀಟು ಬೇಕಾ?" ಎಂದರು. ಆಮೇಲೆ ಮೊಬೈಲಿನತ್ತ ಬಗ್ಗಿ, "ನಾವು ಅಷ್ಟೊಂದು ಮಾತಾಡಿದ್ವಾ?" ಎಂದು ಕೇಳಿದರು.

ಮರುವಾರ ಮತ್ತೆ ಹೋದರು. ಹೆಂಗಸು ಅಲ್ಲೇ ಇದ್ದಳು. ಇವರನ್ನು ಕಂಡದ್ದೇ ಕೊಡೆಯನ್ನು ತೊಡೆಯ ಮೇಲೆಳೆದುಕೊಂಡಳು. ಅತ್ತೆಗೆ ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ.

"ನಿನ್ನ ಒಂದು ನಕ್ಷತ್ರ ಕಿತ್ಕೊಂಡವ್ರು ನಾವೇ ಕಣಮ್ಮ."

ಆಕೆ ಮೊದಲು ಬೆಚ್ಚಿದಳು, ನಂತರ ಜೋರಾಗಿ ನಕ್ಕಳು. "ಅಯ್ಯೋ, ಅದನ್ನ ಯಾರಾದ್ರೂ ಓದ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ!"

"ನಾವಂತೂ ಒಂದೂ ಬಿಟ್ಟಿಲ್ಲ," ಎಂದಳು ಸೊಸೆ. "ಆದ್ರೆ ಬೆಂಚಿನ ಮೇಲೆ ಇಷ್ಟೊಂದು ಆಸೆ ಯಾಕೆ?"

"ನಾನು ಪರದೆ ಬಟ್ಟೆ ಅಂಗಡೀಲಿ ಸೇಲ್ಸಲ್ಲಿದೀನಿ. ಬಾಗಿಲು ತೆಗೆದಾಗಿಂದ ಹಾಕೋವರೆಗೂ ನಿಂತೇ ಇರ್ಬೇಕು. ಗಿರಾಕಿ ಇಲ್ದಿದ್ರೂ ಕೂರೋ ಹಾಗಿಲ್ಲ. ಕೂತ್ರೆ ಅಂಗಡಿ ಮಂಕಾಗಿ ಕಾಣತ್ತಂತೆ. ಮಂಗಳವಾರ ರಜೆ. ಅವತ್ತು ಊರೆಲ್ಲ ಸುತ್ತಿ ಕೂರ್ತೀನಿ."

"ಮನೇಲಿ ಕೂರಬಹುದಲ್ಲ?" ಎಂದಳು ಸೊಸೆ.

"ಮನೇಲಿ ಕೂತ್ರೆ ಯಾರಾದ್ರೂ ಏಳಿಸ್ತಾರೆ. ಇಲ್ಲಿ ಯಾರೂ ಏಳಿಸಲ್ಲ. ಮೊದಮೊದ್ಲು ಸುಮ್ನೆ ಕೂರ್ತಿದ್ದೆ. ಆಮೇಲೆ, ಕಾಲು ನೋವಿರೋರು ಇನ್ನೂ ಎಷ್ಟೋ ಜನ ಇರ್ತಾರಲ್ಲ, ಅವ್ರಿಗೂ ಗೊತ್ತಾಗ್ಲಿ ಅಂತ ಬರ್ದೆ."

"ಅಂಗಡೀಲಿ ಕುರ್ಚಿನೇ ಇಲ್ವಾ?" ಎಂದರು ಅತ್ತೆ.

"ಇದಾವೆ, ಎರಡು. ಗಿರಾಕಿಗಳಿಗೆ. ಒಳ್ಳೇ ಮೆತ್ತನೇವು, ದಿನಾ ನಾನೇ ಒರೆಸ್ತೀನಿ."

"ಅದಕ್ಕೆಷ್ಟು ನಕ್ಷತ್ರ ಕೊಡ್ತೀಯ?"

"ಕೂರದೆ ಹೇಗೆ ಕೊಡ್ಲಿ ಅಮ್ಮ? ಅನ್ಯಾಯ ಆಗತ್ತೆ."

ಮನೆಗೆ ಮರಳುವ ದಾರಿಯುದ್ದಕ್ಕೂ ಅತ್ತೆ ಒಮ್ಮೆಯೂ ಕೂರೋಣ ಎನ್ನದೆ ನಡೆದದ್ದು ಕಂಡು ಸೊಸೆಗೆ ಗಾಬರಿಯೇ ಆಯಿತು. ಮನೆಯ ಮೆಟ್ಟಿಲು ಹತ್ತುತ್ತ ಅವರು ಹೇಳಿದರು, "ನಮ್ಮನೆ ಪರದೆಗಳು ಹಳೇದಾಗಿವೆ."

"ಹೋದ ವರ್ಷ ತಾನೆ ಹೊಲಿಸಿದ್ದು, ಅತ್ತೆ?"

"ಹಳೇದಾಗಿವೆ ಅಂದ್ನಲ್ಲ."

ಶನಿವಾರ ಲ್ಯಾಬಿನಿಂದ ಬೇಗ ಹೊರಟು ಸೊಸೆ ಅತ್ತೆಯನ್ನು ಕರೆದುಕೊಂಡು ಆ ಅಂಗಡಿಗೆ ಹೋದಳು. ನೆಲದಿಂದ ಸೂರಿನವರೆಗೆ ಬಟ್ಟೆಯ ಸುರುಳಿಗಳು, ಗಾಳಿಯಲ್ಲಿ ಹೊಸ ಬಟ್ಟೆಯ ಗಂಜಿವಾಸನೆ. ಗೋಡೆಗೊರಗದೆ ನಿಂತಿದ್ದ ಆ ಹೆಂಗಸು ಇವರನ್ನು ಕಂಡು ಕಣ್ಣರಳಿಸಿದಳು. ಗುರುತು ಹೇಳಿಕೊಳ್ಳಲು ಮಾತ್ರ ಹೆದರಿದಳು. ಗಲ್ಲಾದ ಹತ್ತಿರ ಟೈ ಕಟ್ಟಿದ ಮ್ಯಾನೇಜರು ನಿಂತಿದ್ದರು.

ಅತ್ತೆ ಮೆತ್ತನೆಯ ಕುರ್ಚಿಯಲ್ಲಿ ಕೂತು ನೀಲಿ ಬಟ್ಟೆ ತೋರಿಸಲು ಹೇಳಿದರು. ಆಕೆ ಬಿಚ್ಚಿ ಹಿಡಿದಳು. ಅತ್ತೆ ಕುತ್ತಿಗೆಯ ಮೇಲೆ ಕೈಯಿಟ್ಟು ಬೀದಿಗೆ ಕೇಳುವಂತೆ ನರಳಿದರು.

"ಅಮ್ಮಾ, ನಂಗೆ ತಲೆ ಎತ್ತಿ ನೋಡಕ್ಕಾಗಲ್ಲ. ಕತ್ತು ಹಿಡ್ಕೊಂಡಿದೆ. ನೀನು ಕೂತು ತೋರ್ಸು."

ಆಕೆ ಮ್ಯಾನೇಜರ ಮುಖ ನೋಡಿದಳು. ಮ್ಯಾನೇಜರು ಓಡಿಬಂದರು. "ಬೇಡಿ ಮೇಡಂ, ನಮ್ಮಲ್ಲಿ ಸ್ಟಾಫು ಕೂರೋ ಹಾಗಿಲ್ಲ. ನಾನೇ ಬಗ್ಗಿ ತೋರಿಸ್ತೀನಿ."

"ನೀವು ಬಗ್ಗಿದ್ರೆ ನಿಮ್ಮ ಟೈ ಕಾಣತ್ತೆ, ಬಟ್ಟೆ ಕಾಣಲ್ಲ. ಆಗಲ್ಲ ಅಂದ್ರೆ ಹೇಳ್ಬಿಡಿ, ಎದುರಂಗಡಿಗೆ ಹೋಗ್ತೀವಿ. ಮನೆ ಪೂರ್ತಿಗೆ ಪರದೆ ಬೇಕು."

ಮನೆ ಪೂರ್ತಿ ಎಂಬ ಮಾತು ನಾಟಿತು. ಮ್ಯಾನೇಜರು ತಾವೇ ಇನ್ನೊಂದು ಕುರ್ಚಿ ಎಳೆದು ಹಾಕಿದರು. ಹೆಂಗಸು ಮೊದಲು ಅಂಚಿನಲ್ಲಿ, ಬಸ್ಸು ಬಂದರೆ ಏಳುವವಳಂತೆ ಕೂತಳು. ಅತ್ತೆ ನೀಲಿ ಬೇಡ ಹಸಿರು ತೋರಿಸು ಎಂದರು. ಹಸಿರು ಬೇಡ, ಹೂವಿರುವುದು ತೋರಿಸು. ಹೂವು ಸ್ವಲ್ಪ ಸಣ್ಣದಿರಲಿ. ಸೊಸೆ ಸುರುಳಿಗಳನ್ನು ಎತ್ತಿ ಎತ್ತಿ ಕೊಟ್ಟಳು. ಅವಳ ಬೆನ್ನುನೋವಿಗೆ ಒಳ್ಳೆಯದೇ ಆಯಿತು. ನಾಲ್ಕನೆಯ ಹೂವಿನ ಹೊತ್ತಿಗೆ ಆ ಹೆಂಗಸಿನ ಬೆನ್ನು ಕುರ್ಚಿಗೆ ಒರಗಿತ್ತು. ತೊಡೆಯ ತುಂಬ ಬಟ್ಟೆ ಹರಡಿದ್ದರಿಂದ, ಅದರ ಮರೆಯಲ್ಲಿ ಅವಳು ಷೂ ಕಳಚಿದ್ದು ಸೊಸೆಯೊಬ್ಬಳಿಗೇ ಕಂಡಿತು.

ಮ್ಯಾನೇಜರು ಗಲ್ಲಾಕ್ಕೆ ಮರಳಿದ ಮೇಲೆ ಆಕೆ ತಗ್ಗಿದ ದನಿಯಲ್ಲಿ ಕೇಳಿದಳು, "ಅಮ್ಮ, ನಿಮ್ಮನೇಲಿ ಎಷ್ಟು ಕಿಟಕಿ ಇದಾವೆ?"

"ಏಳು," ಎಂದರು ಅತ್ತೆ, ಹೂವಿನ ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತ. "ಇವತ್ತು ಅಡುಗೆಮನೇದು ಒಂದೇ ನೋಡೋಣ. ಅವಸರ ಏನಿದೆ?"